ಎರೆಹೊಲ, ಎರೆಹುಳು

  

ಮೊನ್ನೆಯ ಮಳೆಯಲ್ಲಿ ಅಮೃತಮಹಲ್ ದನಗಳು ಮೇಯುವ ಕಾವಲಿನ ಅಂಚಿನಲ್ಲಿ ನಿಂತಿದ್ದೆ. ಹುಲ್ಲುನೆಲ ಬಿದ್ದ ಮಳೆಯನ್ನೆಲ್ಲ ಕುಡಿಯುತ್ತಿತ್ತು. ಪಕ್ಕದ ಕೆಂಪು ಹೊಲದಿಂದ ರಾಡಿನೀರು ಹಳ್ಳಕ್ಕೆ ಓಡುತ್ತಿತ್ತು. ಮಳೆ ಒಂದೇ, ಮಣ್ಣೂ ಒಂದೇ. ಕಾವಲಿನ ಆ ಭಾಗಕ್ಕೆ ನೇಗಿಲು ತಾಗಿಲ್ಲ. ಬೇರು, ಸಗಣಿ ಅಲ್ಲೇ ಉಳಿದಿವೆ. ಒಂದು ಎಕರೆಗೆ 1 ಮಿ.ಮೀ. ಮಳೆಯೆಂದರೆ ಸುಮಾರು 4,000 ಲೀಟರ್. 20 ಮಿ.ಮೀ. ಹದಮಳೆಯಲ್ಲಿ ಅರ್ಧ ಹರಿದುಹೋದರೆ 40,000 ಲೀಟರ್, ಅಂದರೆ 5,000 ಲೀಟರಿನ ಎಂಟು ಟ್ಯಾಂಕರ್.

ಹೊಲದ ನೀರು ಹೀಗೆ ಓಡುವುದಕ್ಕೇ ರೋಟವೇಟರ್ ಮೇಲೆ ನನಗೆ ಹಳೆಯ ಸಿಟ್ಟು. ಮಣ್ಣನ್ನು ರಾಗಿಹಿಟ್ಟಿನಂತೆ ಪುಡಿಮಾಡಿದರೆ ಬಿತ್ತನೆ ಸಲೀಸು, ಒಪ್ಪುತ್ತೇನೆ. ಮೊದಲ ಬಿರುಸು ಮಳೆಗೇ ಆ ಪುಡಿ ಕದಡಿ, ಮಣ್ಣಿನ ಸಂದು ಮುಚ್ಚಿ, ಒಣಗಿ ಹೆಪ್ಪುಗಟ್ಟುತ್ತದೆ. ಅಲಗು ಉಜ್ಜುವ ಆಳದಲ್ಲಿ ಗಟ್ಟಿ ಪದರ ಬೇರೆ. ಬೇರು ಅಲ್ಲಿಗೇ ನಿಲ್ಲುತ್ತದೆ. ಮಳೆ ಹೋಗಿ ವಾರ ಕಳೆಯುವಷ್ಟರಲ್ಲಿ ಪೈರು ಬಾಡಿದರೆ ಮೋಡವನ್ನು ಬೈಯಬೇಡಿ.

ಎರೆಭೂಮಿಯವರೂ ನಿಶ್ಚಿಂತೆಯಿಂದ ಇರುವಂತಿಲ್ಲ. ಎರೆಮಣ್ಣು ನೀರು ಹಿಡಿಯುವುದರಲ್ಲಿ ಗಟ್ಟಿ, ಬೇರಿಗೆ ಬಿಟ್ಟುಕೊಡುವುದರಲ್ಲಿ ಜಿಪುಣ. ನೆನೆದರೆ ಹಿಗ್ಗಿ ಬಾಯಿ ಮುಚ್ಚಿಕೊಳ್ಳುತ್ತದೆ. ಅಜ್ಜಂಪುರದ ಹತ್ತಿರದ ಶಿವನಿ ಕಡೆಯ ಈರುಳ್ಳಿ ನಿಂತ ನೀರಿನಲ್ಲಿ ಕೊಳೆಯುತ್ತದೆ. ಆರಿದರೆ ಬಿರುಕು, ಆ ಬಿರುಕಿನಲ್ಲೇ ತೇವ ಹೋಗುತ್ತದೆ. ಹಿರಿಯರು ಎಡೆಕುಂಟೆ ಹೊಡೆಯುತ್ತಿದ್ದದ್ದು ಕಳೆಗಷ್ಟೇ ಅಲ್ಲ, ಈ ಬಿರುಕು ಮುಚ್ಚುವುದಕ್ಕೂ ಹೌದು.

ಎರೆ ಎಂದಾಗಲೆಲ್ಲ ನನಗೆ ಎರೆಹುಳು ನೆನಪಾಗುತ್ತದೆ, ಅದರ ಬೆನ್ನಿಗೇ ಡಾರ್ವಿನ್. 1881ರಲ್ಲಿ ಆತ ಎರೆಹುಳುವಿನ ಮೇಲೆ ಬರೆದ ಪುಸ್ತಕವನ್ನು ನಾನು ಮತ್ತೆ ಮತ್ತೆ ತೆರೆಯುತ್ತೇನೆ. 1842ರ ಡಿಸೆಂಬರಿನಲ್ಲಿ ತನ್ನ ಊರಿನ ಒಂದು ಹುಲ್ಲುಗಾವಲಿಗೆ ಸೀಮೆಸುಣ್ಣದ ಚೂರು ಹರಡಿಸಿ, 29 ವರ್ಷ ಕಾದು, 1871ರಲ್ಲಿ ಅಗೆಸಿದ. ಬಿಳಿ ಚೂರುಗಳ ಸಾಲು 7 ಇಂಚು ಕೆಳಗಿತ್ತು. ಅದರ ಮೇಲಿನ ಮಣ್ಣೆಲ್ಲ ಹುಳುಗಳು ಕೆಳಗಿನಿಂದ ತಂದು ಹಾಕಿದ್ದು. ಅವು ಬಿಟ್ಟುಹೋದ ಬಿಲಗಳಲ್ಲೇ ಮಳೆನೀರು ಇಳಿಯುತ್ತದೆ. ಅಂಥ ಉಳುಮೆಗಾರನನ್ನು ರೋಟವೇಟರ್ ಅಲಗಿಗೆ ಕೊಟ್ಟು ಕೂತಿದ್ದೇವೆ.

ಭಾನುವಾರ ಒಂದು ಕೆಲಸ ಮಾಡಿ. ಉಳದ ಬದುವಿನಿಂದ ಒಂದು ಒಣ ಹೆಂಟೆ, ನಿಮ್ಮ ಹೊಲದಿಂದ ಒಂದು ಹೆಂಟೆ ತಂದು ಎರಡು ಲೋಟ ನೀರಿನಲ್ಲಿ ಬಿಡಿ. ಹೊಲದ್ದು ಬೇಗ ಕರಗಿ ರಾಡಿಯಾದರೆ ಈ ಬೇಸಿಗೆಯಲ್ಲಿ ಕುರಿಮಂದೆ ನಿಲ್ಲಿಸಿ, ಕೊಟ್ಟಿಗೆ ಗೊಬ್ಬರ ಹೊಡೆಸಿ. ರೋಟವೇಟರ್ ಬಾಡಿಗೆಯ ದುಡ್ಡು ಅದಕ್ಕೇ ಇರಲಿ.