ಫ್ರೈಬುರ್ಗಿನ ಪ್ರಿಟೋರಿಯಸ್ ಆರ್ಗನ್ ಮತ್ತು ಸ್ಮರಣೆಯ ಪ್ರಶ್ನೆ

ಜರ್ಮನಿಯ ಫ್ರೈಬುರ್ಗ್ ವಿಶ್ವವಿದ್ಯಾಲಯದ ಪೈಪ್ ಆರ್ಗನ್ ಹುಟ್ಟಿದ್ದೇ ಒಂದು ಸ್ಮರಣೆಯ ವರ್ಷದಲ್ಲಿ. ಲೂಥರನ್ ಸಭೆಯ ಸಂಗೀತ ರಚನಕಾರ ಮಿಖಾಯೆಲ್ ಪ್ರಿಟೋರಿಯಸ್ ಗತಿಸಿದ್ದು 1621ರಲ್ಲಿ. ಅದಕ್ಕೆ ಮುನ್ನೂರು ವರ್ಷ ತುಂಬಿದ 1921ರಲ್ಲಿ ಸಂಗೀತ ವಿದ್ವಾಂಸರಾದ ವಿಲಿಬಾಲ್ಡ್ ಗುರ್ಲಿಟ್ ಅವರು, ಪ್ರಿಟೋರಿಯಸನು 1619ರ ತನ್ನ ಗ್ರಂಥದಲ್ಲಿ ಬರೆದಿಟ್ಟ ವಿವರಗಳನ್ನು ಅನುಸರಿಸಿ, ಆಸ್ಕರ್ ವಾಲ್ಕರ್ ಅವರಿಂದ ಈ ವಾದ್ಯವನ್ನು ಕಟ್ಟಿಸಿದರು. ಉದ್ಘಾಟನೆಯ ದಿನ ಅದನ್ನು ನುಡಿಸಿದವರು ಲೈಪ್ಸಿಗ್ಗಿನ ಕಾರ್ಲ್ ಶ್ಟ್ರೌಬೆ. 2021ಕ್ಕೆ ಆ ದಿನಕ್ಕೆ ನೂರು ವರ್ಷ ಸಂದವು. ಇಂಥ ವಾದ್ಯದ ವಾರ್ಷಿಕೋತ್ಸವದ ವಾದನ ಏನನ್ನು ಸ್ಮರಿಸಬೇಕು? ಬಾಸೆಲ್ ಮಿಷನ್ನಿನ ಮೂಲಕ ಬಂದ ಜರ್ಮನ್ ಕೋರಲ್ ರಾಗಗಳಲ್ಲಿ ಇಂದಿಗೂ ಸ್ತುತಿ ಹಾಡುವ ಕನ್ನಡ ಸಭೆಗಳಿಗೆ ಈ ಪ್ರಶ್ನೆ ಹೊರಗಿನದಲ್ಲ.

ಮೊದಲು ಸಲ್ಲಬೇಕಾದ ಗೌರವವನ್ನು ಸಲ್ಲಿಸೋಣ. 19ನೆಯ ಶತಮಾನದ ಆರ್ಗನ್ನುಗಳು ವಾದ್ಯವೃಂದವನ್ನು ಅನುಕರಿಸಲು ಹೊರಟು, ಕ್ರಮೇಣ ಏರಿ ಇಳಿಯುವ ಘನವಾದ ನಾದವನ್ನೇ ಆದರ್ಶವಾಗಿಸಿಕೊಂಡಿದ್ದವು. ಪ್ರತಿಯೊಂದು ಯುಗಕ್ಕೂ ತನ್ನದೇ ಆದ ನಾದದ ಆದರ್ಶವಿದೆಯೆಂದು ಗುರ್ಲಿಟ್ ವಾದಿಸಿದರು. ಒಂದೊಂದು ಧ್ವನಿಯೂ ಬೇರೆಬೇರೆಯಾಗಿ ಕೇಳಿಸುವ ಪ್ರಿಟೋರಿಯಸನ ನಾದ ಆ ವಾದಕ್ಕೆ ಸಾಕ್ಷಿಯಾಯಿತು. ಶ್ಟ್ರೌಬೆಯವರೇ ಇದಕ್ಕೆ ಉದಾಹರಣೆ. 1904ರಲ್ಲಿ ಹಳೆಯ ಆಚಾರ್ಯರ ಕೃತಿಗಳನ್ನು ತಮ್ಮ ಕಾಲದ ರುಚಿಗೆ ತಕ್ಕಂತೆ ಸಂಪಾದಿಸಿದ್ದ ಅವರು, 1929ರ ಹೊಸ ಸಂಪುಟದಲ್ಲಿ ಹಳೆಯ ಆರ್ಗನ್ನುಗಳ ಧ್ವನಿಯನ್ನೇ ಆಧಾರವಾಗಿ ಹಿಡಿದರು. ಪೂರ್ವಿಕರನ್ನು ನಮ್ಮ ಧ್ವನಿಯಲ್ಲಿ ಮಾತಾಡಿಸುವುದನ್ನು ಬಿಟ್ಟು ಅವರ ಧ್ವನಿಗೆ ಕಿವಿಗೊಡುವುದು ಒಂದು ಬಗೆಯ ವಿನಯ. ಶಾಸ್ತ್ರಾಧ್ಯಯನಕ್ಕೂ ಅದೇ ವಿನಯ ಬೇಕು.

ಆದರೂ ಆ ವಾದ್ಯಕ್ಕೆ ಒಂದು ಕೊರತೆಯಿತ್ತು. ಅದು ನಿಂತದ್ದು ವಿಶ್ವವಿದ್ಯಾಲಯದ ಸಂಗೀತಶಾಸ್ತ್ರ ವಿಭಾಗದಲ್ಲಿ. ಅದರ ಮುಂದೆ ಕುಳಿತದ್ದು ಶ್ರೋತೃಗಳು. ಪ್ರಿಟೋರಿಯಸನಾದರೋ ಬೋಧಕರ ಮಗ. ಅವನ ರಚನೆಗಳಲ್ಲಿ ಬಹುಪಾಲು ಸಭೆಯ ಸ್ತುತಿಗೀತೆಗಳನ್ನು ಆಧರಿಸಿದವು. ಒಂದು ಚರಣವನ್ನು ಆರ್ಗನ್ ನುಡಿಸಿದರೆ ಮುಂದಿನದನ್ನು ಜನರೋ ಗಾಯಕವೃಂದವೋ ಹಾಡುವ ಪದ್ಧತಿ ಅವನ ಕಾಲದಲ್ಲಿತ್ತು. ಕೊಳವೆಗಳ ಅಳತೆಯನ್ನು ಗ್ರಂಥದಿಂದ ಮರಳಿ ಪಡೆಯಬಹುದು. ಉತ್ತರ ಕೊಡುವ ಸಭೆಯನ್ನು ಹಾಗೆ ಪಡೆಯಲಾಗದು. ಆದ್ದರಿಂದ ವಾರ್ಷಿಕೋತ್ಸವದ ವಾದನದಲ್ಲಿ ಕೆಲವು ಚರಣಗಳನ್ನಾದರೂ ಸೇರಿದವರೆಲ್ಲರೂ ಹಾಡುವುದು ಕಾರ್ಯಕ್ರಮಕ್ಕೆ ಅಲಂಕಾರವಲ್ಲ, ಆ ಸಂಗೀತದ ಸ್ವಭಾವವೇ ಅದನ್ನು ಕೇಳುತ್ತದೆ.

ಇದಕ್ಕಿಂತ ಗಂಭೀರವಾದ ವಿಷಯ ಇನ್ನೊಂದಿದೆ. ಪ್ರಾಚೀನ ನಾದದ ಶುದ್ಧಿಯನ್ನು ಹುಡುಕಿದ ಚಳುವಳಿಗೆ ಪ್ರೇರಣೆಯಾದ ಈ ವಾದ್ಯವನ್ನು ಕಟ್ಟಿದ ವಾಲ್ಕರ್ ಸಂಸ್ಥೆಯೇ 1936ರಲ್ಲಿ ನ್ಯೂರೆಂಬರ್ಗಿನ ನಾಜಿ ಪಕ್ಷದ ಸಮಾವೇಶ ಮಂದಿರಕ್ಕೆ ಐದು ಕೀಲಿಮಣೆಗಳ ಬೃಹತ್ ಆರ್ಗನ್ನನ್ನು ಕಟ್ಟಿಕೊಟ್ಟಿತು. ಮರುವರ್ಷ, ಪತ್ನಿ ಯೆಹೂದ್ಯ ಮೂಲದವರೆಂಬ ಕಾರಣಕ್ಕೆ, ಗುರ್ಲಿಟ್ ಅವರನ್ನು ವಿಶ್ವವಿದ್ಯಾಲಯದ ಹುದ್ದೆಯಿಂದ ತೆಗೆದುಹಾಕಲಾಯಿತು. 1944ರ ನವೆಂಬರ್ 27ರ ಬಾಂಬ್ ದಾಳಿಯಲ್ಲಿ ಆರ್ಗನ್ನೂ ನಾಶವಾಯಿತು. ಯುದ್ಧ ಮುಗಿದ ಮೇಲೆ ಗುರ್ಲಿಟ್ ಹುದ್ದೆಗೆ ಮರಳಿದರು. 1955ರಲ್ಲಿ ಎರಡನೆಯ ಪ್ರಿಟೋರಿಯಸ್ ಆರ್ಗನ್ ಸಿದ್ಧವಾಯಿತು. ಹೀಗಿರಲು, ಇಂದು ಆ ಸಭಾಂಗಣದಲ್ಲಿ ಕೇಳುವ ನಾದ 1619ರಿಂದ ಅಖಂಡವಾಗಿ ಹರಿದುಬಂದದ್ದಲ್ಲ, 1921ರದ್ದೂ ಅಲ್ಲ. ಎರಡು ಸಲ ಕಡಿದುಹೋಗಿ ಎರಡು ಸಲ ಕಟ್ಟಲ್ಪಟ್ಟದ್ದು ಅದು.

ನಾದದ ಶುದ್ಧಿ ನ್ಯಾಯಕ್ಕೆ ಜಾಮೀನಾಗದು. ನ್ಯಾಯವಿಲ್ಲದ ಗಾನ ದೇವರಿಗೆ ಕರ್ಕಶವೆಂಬುದನ್ನು ಪ್ರವಾದಿಯಾದ ಆಮೋಸನಿಂದ ನಾವು ಕಲಿತಿದ್ದೇವೆ. ಕ್ರೈಸ್ತ ಸ್ಮರಣೆಯ ಮಾದರಿ ಪ್ರಭುಭೋಜನ. ಅಲ್ಲಿ ಸಭೆಯು ಕೃತಜ್ಞತಾಸ್ತುತಿ ಸಲ್ಲಿಸುವಾಗಲೇ ಕರ್ತನು ಹಿಡಿದುಕೊಡಲ್ಪಟ್ಟ ರಾತ್ರಿಯನ್ನೂ ಹೆಸರಿಸುತ್ತದೆ. ದ್ರೋಹದ ನೆನಪು ಸ್ತುತಿಗೆ ಅಡ್ಡಿಯಾಗದೆ ಅದನ್ನು ಸತ್ಯವಾಗಿಸುತ್ತದೆ. ಈ ಅಳತೆಗೋಲಿನಿಂದ ನೋಡಿದರೆ, 1619, 1921 ಎಂದು ಎಣಿಸಿ 1937ನ್ನೂ 1944ನ್ನೂ ದಾಟಿಬಿಡುವ ಯಾವ ವಾದನವೂ, ವಾದಕರ ಕೌಶಲ ಎಷ್ಟೇ ಇರಲಿ, ಅರ್ಧ ಸ್ಮರಣೆಯೇ ಸರಿ. ಆ ವರ್ಷಗಳನ್ನು ಬಾಯಿಬಿಟ್ಟು ಹೇಳಿ, ಒಂದು ಗಳಿಗೆ ಆರ್ಗನ್ ಸುಮ್ಮನಿರಲು ಬಿಟ್ಟು, ಬಳಿಕ ಕೋರಲನ್ನು ಎತ್ತಿಕೊಂಡರೆ ಅದೇ ಸಂಗೀತ ಬೇರೆಯಾಗಿ ಕೇಳಿಸೀತು.

ನಮ್ಮ ದೇವಾಲಯಗಳೂ ಶತಮಾನೋತ್ಸವಗಳನ್ನು ಆಚರಿಸುತ್ತವೆ. ಸ್ಥಾಪಕರ ಭಾವಚಿತ್ರ, ಸ್ಮರಣ ಸಂಚಿಕೆ, ಗಾಯಕವೃಂದದ ವಿಶೇಷ ಗೀತೆ ಎಲ್ಲವೂ ಇರುತ್ತವೆ. ಸಭೆ ಒಡೆದ ವರ್ಷ, ಹಿಂದಿನ ಬೆಂಚಿಗೆ ತಳ್ಳಲ್ಪಟ್ಟವರ ಹೆಸರು ಆ ಸಂಚಿಕೆಯಲ್ಲಿ ಇರುತ್ತವೆಯೇ ಎಂದು ನಾವು ಕೇಳಿಕೊಳ್ಳಬೇಕು.