ಗಡಸು ಬುಷ್ ಮೇಲ್ದರ್ಜೆಯದೇ?

ವೇಗದ ಕಾರುಗಳಲ್ಲಿ ಚಕ್ರದ ತೋಳುಗಳನ್ನು ಚೌಕಟ್ಟಿಗೆ ಕೂಡಿಸುವ ರಬ್ಬರ್ ಬುಷ್ ಸವೆದಾಗ, ಪಾಲಿಯುರೆಥೇನ್ ಬುಷ್ ಹಾಕಿಸಿದರೆ ಕಾರು ಮೇಲ್ದರ್ಜೆಗೇರುತ್ತದೆ ಎಂದು ಜಾಹೀರಾತುಗಳು ಸಾರುತ್ತವೆ. ಇದು ಅರ್ಧ ಸತ್ಯ.

ಸಾಮಾನ್ಯವಾಗಿ ಮೂಲ ಬುಷ್‌ನ ರಬ್ಬರು ಒಳ, ಹೊರ ಲೋಹದ ಕೊಳವೆಗಳಿಗೆ ಅಂಟಿಕೊಂಡಿರುತ್ತದೆ. ತೋಳು ಆಡಿದಾಗ ಅದು ಜಾರುವುದಿಲ್ಲ, ತಿರುಚಿಕೊಳ್ಳುತ್ತದೆ. ಕಂಪನದ ಶಕ್ತಿಯನ್ನು ಅಷ್ಟಿಷ್ಟು ಶಾಖವಾಗಿಸುತ್ತದೆ. ಆದ್ದರಿಂದ ಕಾರಿನ ಭಾರ ಚಕ್ರಗಳ ಮೇಲಿರುವಾಗಲೇ ಬೋಲ್ಟ್ ಬಿಗಿಯಬೇಕು. ಜ್ಯಾಕ್ ಮೇಲೆ ಚಕ್ರ ಜೋತಾಡುತ್ತಿರುವಾಗ ಬಿಗಿದರೆ, ಕಾರು ಕೆಳಗಿಳಿದೊಡನೆ ರಬ್ಬರು ತಿರುಚಿ, ನಿಂತಲ್ಲೂ ಹಾಗೇ ಉಳಿದು ಬೇಗ ಹರಿಯುತ್ತದೆ. ದೂರು ಮಾತ್ರ ರಬ್ಬರಿನ ಮೇಲೆ!

ಪಾಲಿಯುರೆಥೇನ್ ಬುಷ್ ಒಳಕೊಳವೆಯ ಮೇಲೆ ಜಾರುತ್ತದೆ. ಗ್ರೀಸ್ ಒಣಗಿದರೆ ಕಿರುಗುಟ್ಟುತ್ತದೆ. ಗಡಸಾದ್ದರಿಂದ ತಿರುವಿನಲ್ಲಿ ಚಕ್ರದ ಕೋನ ಕಡಿಮೆ ಬದಲಾಗುತ್ತದೆ, ನಿಜ. ಆದರೆ ಆ ಬದಲಾವಣೆ ಯಾವಾಗಲೂ ದೋಷವೇ?

1977ರಲ್ಲಿ ಬಂದ ಪೋರ್ಷೆ 928ರ ಹಿಂದಿನ ‘ವೈಸಾಖ್’ ಆಕ್ಸಲನ್ನು ನೋಡಿ. ತಿರುವಿನ ನಡುವೆ ಚಾಲಕ ಆಕ್ಸಿಲರೇಟರಿನಿಂದ ಕಾಲೆತ್ತಿದರೆ ಹಿಂಚಕ್ರಗಳ ಮುಂಭಾಗ ತುಸು ಒಳಮುಖವಾಗಿ ತಿರುಗುತ್ತದೆ. ಇದರಿಂದ ಹಿಂಬದಿ ಜಾರುವುದು ತಗ್ಗುತ್ತದೆ. ಜೋಡಣೆಯಲ್ಲಿ ಲೆಕ್ಕಹಾಕಿ ಇಟ್ಟ ಸ್ಥಿತಿಸ್ಥಾಪಕತೆಯಿಂದಲೇ ಇದು ಸಾಧ್ಯ. ಅಂಥ ಕೀಲಿಗೆ ಗಡಸು ಬುಷ್ ತುರುಕಿದರೆ ಈ ರಕ್ಷಣೆಯೂ ಕುಂದುತ್ತದೆ. ಕಾರನ್ನು ರೇಸ್ ಪಥಕ್ಕಷ್ಟೇ ಒಯ್ಯುವವರ ಮಾತು ಬೇರೆ.