ಕೆಲ್ಸನ್‌ನ ಕೊನೆಯ ಮೆಟ್ಟಿಲು

1958ರ ಅಕ್ಟೋಬರ್ 7ರಂದು ಪಾಕಿಸ್ತಾನದ ಅಧ್ಯಕ್ಷ ಇಸ್ಕಂದರ್ ಮಿರ್ಜಾ ಸಂವಿಧಾನವನ್ನು ರದ್ದುಪಡಿಸಿ ಸೇನಾಡಳಿತ ಹೇರಿದರು. ಇಪ್ಪತ್ತು ದಿನಗಳ ಬಳಿಕ ಅಲ್ಲಿನ ಸುಪ್ರೀಂ ಕೋರ್ಟ್ ದೋಸೊ ಪ್ರಕರಣದಲ್ಲಿ ತೀರ್ಪು ಕೊಟ್ಟಿತು: ಗೆದ್ದ ಕ್ರಾಂತಿಯೇ ಹೊಸ ಕಾನೂನಿನ ಹುಟ್ಟು, ಆದ್ದರಿಂದ ಹೊಸ ಆಡಳಿತ ಸಿಂಧು. ಮುಖ್ಯ ನ್ಯಾಯಮೂರ್ತಿ ಮುಹಮ್ಮದ್ ಮುನೀರ್ ಇದಕ್ಕೆ ಆಧಾರವಾಗಿ ಹಿಡಿದದ್ದು ಕಾನೂನು ಚಿಂತಕ ಹಾನ್ಸ್ ಕೆಲ್ಸನ್‌ನ ಗ್ರಂಥವನ್ನು. ಆಗ ಕೆಲ್ಸನ್‌ಗೆ ಎಪ್ಪತ್ತೇಳು ವರ್ಷ. ಬರ್ಕ್ಲಿ ವಿಶ್ವವಿದ್ಯಾಲಯದಿಂದ ನಿವೃತ್ತನಾಗಿದ್ದ. ತೀರ್ಪು ಬಂದ ದಿನವೇ ಸೇನಾಧಿಪತಿ ಅಯೂಬ್ ಖಾನ್ ಮಿರ್ಜಾರನ್ನು ಇಳಿಸಿ ತಾವೇ ಅಧ್ಯಕ್ಷರಾದರು. ಮಿರ್ಜಾರಿಗೆ ಆಸರೆಯಾದ ತರ್ಕ ಅವರನ್ನು ಉರುಳಿಸಿದವರಿಗೂ ಅಷ್ಟೇ ಸಲೀಸಾಗಿ ಒದಗಿತು.

ಬಲವಂತರಿಂದ ಊರೂರು ಅಲೆದ ಚಿಂತಕನೊಬ್ಬ ಬಲವಂತರಿಗೇ ಪರವಾನಗಿ ಬರೆದುಕೊಟ್ಟನೇ? ಕೆಲ್ಸನ್ ಕಟ್ಟಿದ ಕಾನೂನು ಚಿಂತನೆಯ ವಿಯೆನ್ನಾ ಪಂಥವನ್ನು ತೂಗಿ ನೋಡುವವರು ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳುವಂತಿಲ್ಲ. ಆ ಪರವಾನಗಿ ಅವನು ಬರೆದದ್ದಲ್ಲ ಎಂಬುದು ನನ್ನ ನಿಲುವು. ಆದರೆ ಅದನ್ನು ಬರೆದುಕೊಳ್ಳುವವರಿಗೆ ಅವನು ಒಂದು ಖಾಲಿ ಜಾಗ ಬಿಟ್ಟಿದ್ದ.

ಪ್ರಾಗ್‌ನಲ್ಲಿ 1881ರಲ್ಲಿ ಯಹೂದಿ ಮನೆತನದಲ್ಲಿ ಹುಟ್ಟಿ ವಿಯೆನ್ನಾದಲ್ಲಿ ಬೆಳೆದ ಕೆಲ್ಸನ್, 1934ರಲ್ಲಿ ‘ಶುದ್ಧ ಕಾನೂನು ಸಿದ್ಧಾಂತ’ವನ್ನು ಪ್ರಕಟಿಸಿದ. ಹೆಸರಿನಲ್ಲಿರುವ ‘ಶುದ್ಧ’ ಎಂಬ ಮಾತೇ ಅನೇಕರ ದಾರಿ ತಪ್ಪಿಸಿದೆ. ಶುದ್ಧವಾಗಿರಬೇಕಾದ್ದು ಸಿದ್ಧಾಂತ. ಕಾನೂನು ಶುದ್ಧವೆಂದು ಅವನು ಎಂದೂ ಹೇಳಲಿಲ್ಲ. ಅದು ರಾಜಕೀಯದ ಕೂಸು, ಅದರಲ್ಲಿ ಹಿತಾಸಕ್ತಿ, ಹಟ, ರಾಜಿ ಎಲ್ಲವೂ ಬೆರೆತಿರುತ್ತವೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಹಾಗಿದ್ದೂ ಅದನ್ನು ವಿವರಿಸುವವನು ತನ್ನ ನೀತಿಯನ್ನೋ ಪಕ್ಷವನ್ನೋ ವಿವರಣೆಯೊಳಗೆ ನುಸುಳಿಸಬಾರದು ಎಂದು ಪಟ್ಟು ಹಿಡಿದ.

ಈ ಪಟ್ಟಿನ ಬುಡದಲ್ಲಿರುವುದು ‘ಇದೆ’ ಮತ್ತು ‘ಬೇಕು’ ಎಂಬ ಎರಡು ಮಾತುಗಳ ನಡುವಿನ ಕಂದರ. ದರೋಡೆಕೋರನೂ ಹಣ ಕೇಳುತ್ತಾನೆ, ತೆರಿಗೆ ಅಧಿಕಾರಿಯೂ ಕೇಳುತ್ತಾನೆ. ಕಣ್ಣಿಗೆ ಕಾಣುವ ಕ್ರಿಯೆ ಒಂದೇ. ಎರಡನೆಯದನ್ನು ಕಾನೂನು ಎನ್ನಲು ಅದರ ಹಿಂದೆ ಅಧಿಕಾರ ಕೊಟ್ಟ ಇನ್ನೊಂದು ಕಟ್ಟಳೆ ಇರಬೇಕು. ಟ್ರಾಫಿಕ್ ಪೊಲೀಸ್ ಹೆಲ್ಮೆಟ್ಟಿಲ್ಲದ ಸವಾರನಿಗೆ ಕೊಡುವ ದಂಡದ ರಸೀದಿಯನ್ನೇ ನೋಡಿ. ಅದಕ್ಕೆ ಬಲ ಬಂದದ್ದು 1988ರ ಮೋಟಾರು ವಾಹನಗಳ ಕಾಯಿದೆಯಿಂದ, ಕಾಯಿದೆಗೆ ಸಂಸತ್ತಿನಿಂದ, ಸಂಸತ್ತಿಗೆ ಸಂವಿಧಾನದಿಂದ. ಸಂವಿಧಾನಕ್ಕೆ? ಅಲ್ಲಿಂದ ಮುಂದೆ ಯಾರೂ ಬರೆದಿಟ್ಟ ಕಟ್ಟಳೆಯಿಲ್ಲ. ‘ಮೊದಲ ಸಂವಿಧಾನ ಹೇಳಿದಂತೆ ನಡೆಯಬೇಕು’ ಎಂದು ನಾವು ಮನಸ್ಸಿನಲ್ಲೇ ಹಿಡಿದುಕೊಂಡಿರುತ್ತೇವೆ. ಈ ಪೂರ್ವಗೃಹೀತವನ್ನೇ ಕೆಲ್ಸನ್ ಗ್ರುಂಡ್‌ನಾರ್ಮ್, ಅಂದರೆ ಮೂಲಕಟ್ಟಳೆ ಎಂದು ಕರೆದ. ಮೆಟ್ಟಿಲುಗಳ ಈ ಚಿತ್ರ ಅವನ ಶಿಷ್ಯ ಅಡಾಲ್ಫ್ ಮೆರ್ಕ್ಲ್‌ನ ಕೊಡುಗೆ. ಕೊನೆಯ ಮೆಟ್ಟಿಲು ಮಾತ್ರ ಕೆಲ್ಸನ್‌ನದೇ.

ಇಂಥ ಒಣ ತರ್ಕಕ್ಕೆ ಅಂಟಿಕೊಂಡವನ ಬದುಕು ಒಣದಾಗಿರಲಿಲ್ಲ. 1920ರ ಆಸ್ಟ್ರಿಯಾ ಸಂವಿಧಾನದ ಕರಡಿನಲ್ಲಿ ಅವನ ಕೈ ದೊಡ್ಡದು. ಶಾಸಕಾಂಗ ಮಾಡಿದ ಕಾನೂನನ್ನೂ ಸಂವಿಧಾನದ ಒರೆಗೆ ಹಚ್ಚಿ ರದ್ದುಮಾಡಬಲ್ಲ ಪ್ರತ್ಯೇಕ ನ್ಯಾಯಾಲಯವನ್ನು ಆ ಸಂವಿಧಾನ ರೂಪಿಸಿತು. ಮುಂದೆ ಜರ್ಮನಿ, ಇಟಲಿ, ಸ್ಪೇನ್ ಇದೇ ಮಾದರಿಯನ್ನು ತಮ್ಮದಾಗಿಸಿಕೊಂಡವು. ಕೆಲ್ಸನ್ ಆ ನ್ಯಾಯಾಲಯದಲ್ಲಿ ನ್ಯಾಯಾಧೀಶನೂ ಆದ. ಅಂದಿನ ಆಸ್ಟ್ರಿಯಾದಲ್ಲಿ ಬೇರ್ಪಟ್ಟ ಕ್ಯಾಥೊಲಿಕರು ಸಂಗಾತಿ ಬದುಕಿರುವಾಗ ಮರುಮದುವೆಯಾಗುವಂತಿರಲಿಲ್ಲ. ಆಡಳಿತಾಧಿಕಾರಿಗಳು ವಿಶೇಷ ವಿನಾಯಿತಿ ಕೊಟ್ಟು ಸಾವಿರಾರು ಮದುವೆಗಳಿಗೆ ದಾರಿ ಮಾಡಿದರು. ಸಾಮಾನ್ಯ ನ್ಯಾಯಾಲಯಗಳು ಅವುಗಳನ್ನು ಅಸಿಂಧುಗೊಳಿಸತೊಡಗಿದವು. ಆಡಳಿತ ಕೊಟ್ಟ ವಿನಾಯಿತಿಯನ್ನು ಕಿತ್ತುಹಾಕುವ ಅಧಿಕಾರ ಆ ನ್ಯಾಯಾಲಯಗಳಿಗಿಲ್ಲ ಎಂದು ಸಂವಿಧಾನ ನ್ಯಾಯಾಲಯ ಹೇಳಿದಾಗ ಕ್ಯಾಥೊಲಿಕ್ ಸಂಪ್ರದಾಯವಾದಿಗಳ ಸಿಟ್ಟೆಲ್ಲ ಕೆಲ್ಸನ್ ಮೇಲೆ ತಿರುಗಿತು. 1929ರ ತಿದ್ದುಪಡಿಯ ಫಲವಾಗಿ ಮರುವರ್ಷ ಹಳೆಯ ನ್ಯಾಯಾಧೀಶರೆಲ್ಲ ಸ್ಥಾನ ಕಳೆದುಕೊಂಡರು. ಅವನು ಜರ್ಮನಿಯ ಕೊಲೋನ್‌ಗೆ ಹೊರಟ.

ಅಲ್ಲಿ ಎದುರಾದವನು ಕಾನೂನು ಪಂಡಿತ ಕಾರ್ಲ್ ಶ್ಮಿಟ್. ಸಂವಿಧಾನವನ್ನು ಕಾಯುವವನು ಜನರಿಂದ ಚುನಾಯಿತನಾದ ರಾಷ್ಟ್ರಾಧ್ಯಕ್ಷನೇ ಎಂದು ಶ್ಮಿಟ್ ವಾದಿಸಿದ. 1931ರಲ್ಲಿ ಕೆಲ್ಸನ್ ಕೊಟ್ಟ ಉತ್ತರದ ತಿರುಳು ಸರಳ: ಸಂವಿಧಾನವನ್ನು ಮೀರುವ ಅವಕಾಶ ಯಾರಿಗೆ ಹೆಚ್ಚಿದೆಯೋ ಅವರ ಕೈಗೇ ಅದರ ಕಾವಲನ್ನು ಒಪ್ಪಿಸಬಾರದು. ನಮ್ಮ ಗಾದೆ ಇದನ್ನೇ ಬೇಲಿಯೇ ಎದ್ದು ಹೊಲ ಮೇಯುವುದು ಎನ್ನುತ್ತದೆ. ಎರಡೇ ವರ್ಷಗಳಲ್ಲಿ ನಾತ್ಸಿಗಳು ಕೆಲ್ಸನ್‌ನನ್ನು ಹುದ್ದೆಯಿಂದ ತೆಗೆದರು. ಅವನ ಪರವಾದ ಮನವಿಗೆ ಸಹಿ ಹಾಕಲು ಒಪ್ಪದ ಏಕೈಕ ಸಹೋದ್ಯೋಗಿ ಶ್ಮಿಟ್. ಆಮೇಲೆ ಜಿನೀವಾ, ಪ್ರಾಗ್, 1940ರಲ್ಲಿ ಅಮೆರಿಕ.

ಯುದ್ಧ ಮುಗಿದ ಮೇಲೆ ಇನ್ನೊಂದು ದಿಕ್ಕಿನಿಂದ ಆರೋಪ ಬಂತು. ಕಾನೂನು ಎಂದರೆ ಕಾನೂನು ಎಂಬ ವಾದ ಜರ್ಮನ್ ನ್ಯಾಯವಾದಿಗಳನ್ನು ನಿರಾಯುಧರನ್ನಾಗಿಸಿತು ಎಂದು 1946ರಲ್ಲಿ ಕಾನೂನು ಪಂಡಿತ ಗುಸ್ತಾವ್ ರಾಡ್‌ಬ್ರುಖ್ ಬರೆದ. ರಾಡ್‌ಬ್ರುಖ್‌ನ ನೋವು ನಿಜವಾದದ್ದು; ಅವನೂ ಹುದ್ದೆ ಕಳೆದುಕೊಂಡವನೇ. ಆದರೆ ಇತಿಹಾಸ ಅವನ ಮಾತನ್ನು ಪೂರ್ತಿ ಬೆಂಬಲಿಸುವುದಿಲ್ಲ. 1935ರಲ್ಲಿ ನಾತ್ಸಿಗಳು ದಂಡಸಂಹಿತೆಗೆ ತಂದ ತಿದ್ದುಪಡಿಯ ಪ್ರಕಾರ, ಕಾನೂನಿನಲ್ಲಿ ಹೇಳದ ಕೃತ್ಯವನ್ನೂ ಜನತೆಯ ‘ಆರೋಗ್ಯಕರ ಭಾವನೆ’ಯ ಹೆಸರಿನಲ್ಲಿ ಶಿಕ್ಷಿಸಬಹುದಿತ್ತು. ಅಲ್ಲಿ ಅಕ್ಷರಕ್ಕೆ ಅಂಟಿಕೊಂಡು ಕೆಟ್ಟವರಿಗಿಂತ ಅಕ್ಷರವನ್ನು ಬಿಟ್ಟು ‘ನೀತಿ’ಯ ಮೊರೆಹೊಕ್ಕು ಕೆಟ್ಟವರೇ ಹೆಚ್ಚು ಭಯಂಕರರಾದರು. ಕೆಲ್ಸನ್ ಹೆದರಿದ್ದು ಈ ನುಸುಳುವಿಕೆಗೇ. ಕಾನೂನಿನ ತಲೆಯ ಸುತ್ತ ಪವಿತ್ರ ಪ್ರಭೆ ಕಟ್ಟಿದವರು, ಆ ಪ್ರಭೆಯನ್ನು ಎಂಥ ಕಾನೂನಿಗೂ ಕಟ್ಟಬಲ್ಲರು.

ಇನ್ನು ದೋಸೊ ತೀರ್ಪಿಗೆ ಮರಳೋಣ. ಒಂದು ವ್ಯವಸ್ಥೆ ಒಟ್ಟಾರೆ ಜಾರಿಯಲ್ಲಿದ್ದರೆ ಮಾತ್ರ ಅದರ ಮೂಲಕಟ್ಟಳೆಯನ್ನು ಗ್ರಹಿಸುವುದರಲ್ಲಿ ಅರ್ಥವಿದೆ ಎಂದು ಕೆಲ್ಸನ್ ಹೇಳಿದ್ದು ಹೌದು. ಆದರೆ ಜಾರಿಯಲ್ಲಿರುವುದು ಸಿಂಧುತ್ವಕ್ಕೆ ಬೇಕಾದ ಷರತ್ತು. ಅದೇ ಸಿಂಧುತ್ವದ ಕಾರಣವಲ್ಲ ಎಂದೂ ಅವನು ಒತ್ತಿ ಹೇಳಿದ್ದ. ನೀರಿಲ್ಲದೆ ಪೈರಿಲ್ಲ, ಹಾಗೆಂದು ನೀರೇ ಪೈರಲ್ಲ. ಮೇಲಾಗಿ ಅದು ಹೊರಗೆ ನಿಂತು ನೋಡುವ ವಿದ್ವಾಂಸನ ವಿವರಣೆ. ಅದರೊಳಗೆ ‘ನೀನು ಪಾಲಿಸು’ ಎಂಬ ಆಜ್ಞೆಯಿಲ್ಲ. ಮುನೀರ್ ವಿವರಣೆಯನ್ನು ಸಮರ್ಥನೆಯಾಗಿ ಓದಿದರು. ಅದೂ ಇಪ್ಪತ್ತೇ ದಿನಗಳಲ್ಲಿ, ಹೊಸ ಆಡಳಿತ ಬೇರುಬಿಟ್ಟಿದೆಯೋ ಇಲ್ಲವೋ ತಿಳಿಯುವ ಮುನ್ನ. ಬೇರೂರುವುದೋ ಇಲ್ಲವೋ ಎಂಬುದು ಭಾಗಶಃ ಆ ತೀರ್ಪನ್ನೇ ಅವಲಂಬಿಸಿತ್ತು.

ಇಲ್ಲೇ ಆ ಖಾಲಿ ಜಾಗ ಕಾಣುವುದು. ಸೇನೆ ಬೀದಿಗಿಳಿದ ಬೆಳಿಗ್ಗೆ ಪೀಠದ ಮೇಲೆ ಕೂತವನು ಹೊರಗಿನ ನೋಡುಗನಲ್ಲ. ಅವನ ಒಂದು ಮಾತಿನಿಂದ ಜಗತ್ತು ಬದಲಾಗುತ್ತದೆ. ಅವನಿಗೆ ಶುದ್ಧ ಸಿದ್ಧಾಂತ ಏನನ್ನೂ ಹೇಳುವುದಿಲ್ಲ. ಹೇಳಬಾರದು ಎಂಬುದೇ ಅದರ ವ್ರತ. ಕೊನೆಯ ವರ್ಷಗಳಲ್ಲಿ ಕೆಲ್ಸನ್ ಮೂಲಕಟ್ಟಳೆ ಬರೀ ಒಂದು ಕಲ್ಪನೆ ಎಂದು ಒಪ್ಪಿಕೊಂಡ. ಅದು ಅವನ ಪ್ರಾಮಾಣಿಕತೆ. ಆದರೆ ಅಷ್ಟೊತ್ತಿಗೆ ಆ ಕಲ್ಪನೆಯ ಮೇಲೆ ಸರ್ಕಾರಗಳು ನಿಂತಿದ್ದವು.

1972ರ ಏಪ್ರಿಲ್‌ನಲ್ಲಿ ಅಸ್ಮಾ ಜಿಲಾನಿ ಪ್ರಕರಣದಲ್ಲಿ ಪಾಕಿಸ್ತಾನದ ಸುಪ್ರೀಂ ಕೋರ್ಟ್ ದೋಸೊ ತೀರ್ಪನ್ನು ತಳ್ಳಿಹಾಕಿ, ಅಯೂಬ್ ನಂತರ ಬಂದ ಸೇನಾಡಳಿತಗಾರ ಯಾಹ್ಯಾ ಖಾನ್ ಅಧಿಕಾರ ಕಬಳಿಸಿದವರೆಂದು ಸಾರಿತು. ಅಷ್ಟರಲ್ಲಿ ಯಾಹ್ಯಾ ಅಧಿಕಾರ ಕಳೆದುಕೊಂಡು ತಿಂಗಳುಗಳಾಗಿದ್ದವು. ಗ್ರಂಥ ಬದಲಾಗಿರಲಿಲ್ಲ, ಕಾಲ ಬದಲಾಗಿತ್ತು.

ನಮ್ಮಲ್ಲಿ ಇದೇ ಪ್ರಶ್ನೆ ಬೇರೆ ರೂಪ ತಾಳಿತು. ನಮ್ಮ ಸಂವಿಧಾನ ರಚನಾ ಸಭೆ ಸೇರಿದ್ದು ಬ್ರಿಟಿಷರ ಯೋಜನೆಯಂತೆ. ಅದರ ಅಧಿಕಾರಕ್ಕೆ ಮುದ್ರೆ ಒತ್ತಿದ್ದು ಬ್ರಿಟಿಷ್ ಸಂಸತ್ತಿನ 1947ರ ಕಾಯಿದೆ. ಸಂವಿಧಾನದ 395ನೇ ವಿಧಿ ಆ ಕಾಯಿದೆಯನ್ನೇ ರದ್ದುಮಾಡಿತು. ಏರಿದ ಏಣಿಯನ್ನು ಒದೆಯಬಾರದು ಎನ್ನುತ್ತಾರೆ. ಇಲ್ಲಿ ಮಾತ್ರ ಒದ್ದದ್ದೇ ಸರಿ. ಮೂಲಕಟ್ಟಳೆ ಲಂಡನ್ನಿನಿಂದ ಇಳಿದು ಬಂದದ್ದಲ್ಲ, ಇಲ್ಲಿಯದೇ ಎಂದು ಸಾರುವ ಬಗೆ ಅದು.

1973ರ ಏಪ್ರಿಲ್ 19ರಂದು ಕೆಲ್ಸನ್ ತೀರಿಕೊಂಡ. ಐದು ದಿನಗಳ ನಂತರ, ಕಾಸರಗೋಡಿನ ಎಡನೀರು ಮಠದ ಶ್ರೀ ಕೇಶವಾನಂದ ಭಾರತಿ ಸ್ವಾಮೀಜಿಯವರು ಹೂಡಿದ್ದ ಮೊಕದ್ದಮೆಯಲ್ಲಿ ನಮ್ಮ ಸುಪ್ರೀಂ ಕೋರ್ಟಿನ ಹದಿಮೂರು ನ್ಯಾಯಮೂರ್ತಿಗಳ ಪೀಠ 7-6ರ ಬಹುಮತದಿಂದ ಹೇಳಿತು: ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ. ‘ಮೂಲ ಸ್ವರೂಪ’ವನ್ನು ಕೆಲ್ಸನ್‌ನ ಮೂಲಕಟ್ಟಳೆಯೊಂದಿಗೆ ಕಲಸುವವರಿದ್ದಾರೆ. ಅವು ಬೇರೆ ಬೇರೆ. ಮೂಲಕಟ್ಟಳೆಯೊಳಗೆ ಯಾವ ಮೌಲ್ಯವೂ ಇಲ್ಲ. ಪ್ರಜಾಪ್ರಭುತ್ವಕ್ಕೂ ಸೇನಾಡಳಿತಕ್ಕೂ ಅದು ಸಮಾನ. ಮೂಲ ಸ್ವರೂಪದಲ್ಲಿ ಪ್ರಜಾಪ್ರಭುತ್ವ, ಜಾತ್ಯತೀತತೆಗಳಂಥ ತಿರುಳಿದೆ. ಕೆಲ್ಸನ್ ಖಾಲಿ ಬಿಟ್ಟ ಜಾಗವನ್ನು ನಮ್ಮ ನ್ಯಾಯಾಲಯ ಮೌಲ್ಯಗಳಿಂದ ತುಂಬಿತು ಎನ್ನಬಹುದು. ಒಂದೇ ಮತದ ಅಂತರದಲ್ಲಿ ತುಂಬಿತು ಎಂಬುದನ್ನೂ ಮರೆಯಬಾರದು.

ಹಾಗಾದರೆ ಕೆಲ್ಸನ್‌ನಿಂದ ನಮಗೆ ಉಳಿದದ್ದೇನು? ಅನ್ಯಾಯದ ಕಾನೂನು ಕಾನೂನೇ ಅಲ್ಲ ಎಂದು ಅವನು ಸಮಾಧಾನ ಹೇಳಲಿಲ್ಲ. ಅದೂ ಕಾನೂನೇ, ಆದರೆ ಕಾನೂನಾಗಿರುವುದೊಂದೇ ಪಾಲಿಸಲು ಸಾಕಷ್ಟು ಕಾರಣವಲ್ಲ ಎಂಬ ಕಠಿಣ ಮಾತನ್ನು ಉಳಿಸಿಹೋದ. ಈ ಮಾತಿನ ಮುಂದೆ ನ್ಯಾಯಾಧೀಶನಾಗಲಿ ಅಧಿಕಾರಿಯಾಗಲಿ ಪ್ರಜೆಯಾಗಲಿ ಪುಸ್ತಕದ ಹಿಂದೆ ಅಡಗುವಂತಿಲ್ಲ. ಎಲ್ಲ ಮೆಟ್ಟಿಲುಗಳಿಗೂ ಮೇಲಿನ ಮೆಟ್ಟಿಲಿನ ಆಧಾರ ತೋರಿಸಬಹುದು, ಕೊನೆಯದಕ್ಕೆ ತೋರಿಸಲಾಗದು. ಅಲ್ಲಿ ಹೆಜ್ಜೆ ಇಟ್ಟದ್ದು ಮುನೀರ್ ಅವರೇ, ಕೆಲ್ಸನ್ ಅಲ್ಲ.